ತಾಳೆ ನೋಡಿದೆಯಾ?

ಮನೆಯಲ್ಲಿ ಹತ್ತನೇ ತರಗತಿಯ ಮಗುವಿದ್ದರೆ ಶಿವರಾತ್ರಿ ಕಳೆಯುವ ಹೊತ್ತಿಗೆ ಇಡೀ ಮನೆಯೇ ಪರೀಕ್ಷೆಗೆ ಕಟ್ಟಿದಂತಿರುತ್ತದೆ. ಟೀವಿಯ ದನಿ ತಗ್ಗುತ್ತದೆ, ನೆಂಟರು ಬರುವುದನ್ನು ಏಪ್ರಿಲ್‌ಗೆ ಮುಂದೂಡುತ್ತಾರೆ, ಊಟದ ತಟ್ಟೆಯ ಪಕ್ಕದಲ್ಲೇ ಕೈವಾರ, ಕೋನಮಾಪಕ ಬಿದ್ದಿರುತ್ತವೆ. ಸಮಾಜ, ವಿಜ್ಞಾನವನ್ನಾದರೆ ಮಗು ಗಟ್ಟಿಯಾಗಿ ಓದುತ್ತದೆ. ಅಡುಗೆಮನೆಗೂ ಕೇಳುತ್ತದೆ, ನಮಗೆ ಸಮಾಧಾನ. ಗಣಿತದ ಸರದಿ ಬಂದಾಗ ಮಾತ್ರ ಕೋಣೆಯಲ್ಲಿ ಸದ್ದಿಲ್ಲ. ಆಗಾಗ ರಬ್ಬರ್ ಉಜ್ಜಿದ್ದು, ನಡುನಡುವೆ ಒಮ್ಮೆಲೇ ಬಹಳಷ್ಟು ಹಾಳೆ ಮಗುಚಿದ್ದು ಕೇಳಿಸುತ್ತದೆ. ಹಾಗೆ ಮಗುಚಿ ಹೋಗುವುದು ಎಲ್ಲಿಗೆ ಎನ್ನುವುದು ಒಂದು ಕಾಲಕ್ಕೆ ನಾವೂ ಅದೇ ಕೆಲಸ ಮಾಡಿದವರಾದ್ದರಿಂದ ಚೆನ್ನಾಗಿ ಗೊತ್ತು: ಪುಸ್ತಕದ ಕೊನೆಗೆ, ಉತ್ತರಗಳನ್ನು ಕೊಟ್ಟಿರುವ ಕಡೆಗೆ.

ಆ ಪುಟಗಳು ಇರಬೇಕು, ಬೇಡವೆನ್ನುವುದಿಲ್ಲ. ಆದರೆ ಅವುಗಳಿಂದ ಒಂದು ರೂಢಿ ಬೆಳೆಯುತ್ತದೆ. ಲೆಕ್ಕ ಮಾಡುವುದು, ಹಿಂದೆ ನೋಡುವುದು. ಕೂಡಿತೆಂದರೆ ರೈಟು ಹಾಕಿಕೊಳ್ಳುವುದು, ಕೂಡದಿದ್ದರೆ ಎಲ್ಲಾದರೂ ಒಂದು ಚಿಹ್ನೆ ಬದಲಿಸಿ ಹಿಂದಿನ ಉತ್ತರಕ್ಕೆ ತಂದು ನಿಲ್ಲಿಸುವುದು. ಪ್ಲಸ್ಸು ಮೈನಸ್ಸಾಗಲು ಒಂದು ಗೆರೆ ಅಳಿಸಿದರೆ ಸಾಕಲ್ಲ! ಹೀಗೆ ನೂರು ಲೆಕ್ಕ ಮಾಡಿದ ಮಗುವಿಗೆ ಕೈ ಪಳಗುತ್ತದೆ, ನಿಜ. ಜೊತೆಗೆ ತನ್ನ ಕೆಲಸ ಸರಿಯೋ ತಪ್ಪೋ ಎಂದು ಹೇಳುವವರು ಬೇರೆ ಎಲ್ಲೋ ಇದ್ದಾರೆ, ಪುಸ್ತಕದ ಕೊನೆಯಲ್ಲೋ, ಗೈಡಿನಲ್ಲೋ, ಟ್ಯೂಷನ್ ಮೇಷ್ಟ್ರ ಬಳಿಯೋ ಇದ್ದಾರೆ ಎಂಬುದೂ ತಲೆಯಲ್ಲಿ ಕೂತುಬಿಡುತ್ತದೆ.

ಬೇರೆ ಪಾಠಗಳಲ್ಲಿ ಅದು ಒಂದು ಮಟ್ಟಿಗೆ ಸರಿಯೇ. ಕದಂಬರ ರಾಜಧಾನಿ ಬನವಾಸಿ ಹೌದೋ ಅಲ್ಲವೋ ಎಂದು ಮಗು ಮೇಜಿನ ಮುಂದೆ ಕೂತು ತಾನೇ ನಿರ್ಧರಿಸಲಾರದು. ಬೀಜಗಣಿತದಲ್ಲಿ ಹಾಗಲ್ಲ. ಹತ್ತನೇ ತರಗತಿಯ ಮಕ್ಕಳೆಲ್ಲ ಮಾಡುವಂಥ ಒಂದು ಲೆಕ್ಕ ತೆಗೆದುಕೊಳ್ಳಿ. ಆಯತಾಕಾರದ ಹೂದೋಟವೊಂದರ ಉದ್ದ ಅದರ ಅಗಲಕ್ಕಿಂತ 3 ಮೀಟರ್ ಹೆಚ್ಚು, ವಿಸ್ತೀರ್ಣ 40 ಚದರ ಮೀಟರ್, ಅಗಲವೆಷ್ಟು? ಅಗಲ ಎಕ್ಸ್ ಆಗಿರಲಿ ಎಂದು ಶುರುವಾಗುತ್ತದೆ. ಎಕ್ಸ್ ವರ್ಗ ಪ್ಲಸ್ ಮೂರು ಎಕ್ಸ್ ಮೈನಸ್ ನಲವತ್ತು ಈಕ್ವಲ್ಸ್ ಸೊನ್ನೆ. ಮಧ್ಯದ ಪದವನ್ನು ಪ್ಲಸ್ ಎಂಟು ಮತ್ತು ಮೈನಸ್ ಐದಾಗಿ ಒಡೆದರೆ ಎರಡು ಮೂಲಗಳು: 5 ಮತ್ತು ಮೈನಸ್ 8. ಅಗಲ ಋಣಾತ್ಮಕವಾಗಿರಲು ಸಾಧ್ಯವಿಲ್ಲ ಎಂದು ಒಂದು ಸಾಲು ಬರೆದು, ಐದರ ಸುತ್ತ ಚೌಕ ಹಾಕಿ, ಮಗು ಮುಂದಿನ ಲೆಕ್ಕಕ್ಕೆ ಹೋಗುತ್ತದೆ. ಹೋಗುವ ಮುನ್ನ ಪ್ರಶ್ನೆಯನ್ನು ಇನ್ನೊಮ್ಮೆ ಓದಿದ್ದರೆ? ಅಗಲ 5, ಉದ್ದ 8, ಐದೆಂಟ್ಲ ನಲವತ್ತು. ಮುಗಿಯಿತು. ಹಿಂದಿನ ಪುಟ ಬೇಕಿಲ್ಲ, ಮೇಷ್ಟ್ರು ಬೇಕಿಲ್ಲ, ಫೋನೂ ಬೇಕಿಲ್ಲ.

ಈ ಅರ್ಧ ನಿಮಿಷದ ಕೆಲಸದಲ್ಲಿ ದೊಡ್ಡದೊಂದು ಸಮಾನತೆಯಿದೆ ಎಂದು ನನಗೆ ಅನ್ನಿಸುವುದುಂಟು. ದುಬಾರಿ ಕೋಚಿಂಗಿಗೆ ಹೋಗುವ ನಗರದ ಹುಡುಗಿಗೂ, ಹಾಸ್ಟೆಲಿನ ದೀಪದ ಕೆಳಗೆ ಕೂತ ಹಳ್ಳಿಯ ಹುಡುಗನಿಗೂ ಇಲ್ಲಿ ಒಬ್ಬನೇ ನ್ಯಾಯಾಧೀಶ, ಅವನು ಪ್ರಶ್ನೆಯ ಒಳಗೇ ಕೂತಿದ್ದಾನೆ. ಶುಲ್ಕವಿಲ್ಲ. ಆದರೂ ಮಕ್ಕಳು ಅವನ ಬಳಿ ಹೋಗುವುದಿಲ್ಲ, ಏಕೆಂದರೆ ಉತ್ತರ ಪತ್ರಿಕೆಯಲ್ಲಿ ಪ್ರತಿ ಹಂತಕ್ಕೂ ಅಂಕವಿರುತ್ತದೆ, ತಾಳೆ ನೋಡಿದ್ದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಜಾರ್ಜ್ ಪೋಲ್ಯ ಎಂಬ ಗಣಿತಜ್ಞರು 1945ರಲ್ಲಿ ‘ಹೌ ಟು ಸಾಲ್ವ್ ಇಟ್’ ಎಂಬ ಪುಸ್ತಕ ಬರೆದರು. ಲೆಕ್ಕ ಬಿಡಿಸುವುದಕ್ಕೆ ಅವರು ಹೇಳಿದ್ದು ನಾಲ್ಕು ಹೆಜ್ಜೆ. ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳುವುದು, ಉಪಾಯ ಹೂಡುವುದು, ಅದನ್ನು ನಡೆಸುವುದು, ಕೊನೆಗೆ ಹಿಂದಿರುಗಿ ನೋಡುವುದು. ಹಿಂದಿರುಗಿ ನೋಡುವ ಹೆಜ್ಜೆಯನ್ನು ಬುದ್ಧಿವಂತ ಮಕ್ಕಳೂ ಹಾರಿಸುತ್ತಾರೆ ಎನ್ನುವುದು ಆ ಅನುಭವಿ ಮೇಷ್ಟ್ರ ಕೊರಗು. ಪುಸ್ತಕ ಬಂದು ಎಂಬತ್ತು ವರ್ಷವಾದ ಮೇಲೂ ಅದು ಹಾಗೇ ಇದೆ.

ಆದರೆ ತಾಳೆ ನೋಡಿದ ಮಾತ್ರಕ್ಕೆ ಎಲ್ಲ ಸಿಕ್ಕಿಬಿಡುತ್ತದೆ ಎಂದೂ ಅಲ್ಲ. ಒಂದು ಸಂಖ್ಯೆಯ ವರ್ಗ ಆ ಸಂಖ್ಯೆಯ ಐದರಷ್ಟಿದೆ, ಆ ಸಂಖ್ಯೆ ಯಾವುದು ಎಂದು ಕೇಳಿ ನೋಡಿ. ಎರಡೂ ಕಡೆ ಇರುವ ಎಕ್ಸನ್ನು ಹೊಡೆದುಹಾಕಿ ಐದು ಎಂದುಬಿಡುತ್ತಾರೆ. ತಾಳೆ ನೋಡಿದರೂ ಸರಿ ಬರುತ್ತದೆ: ಐದೈದ್ಲ ಇಪ್ಪತ್ತೈದು. ಆದರೆ ಸೊನ್ನೆಯೂ ಉತ್ತರವೇ. ಸೊನ್ನೆಯ ವರ್ಗ ಸೊನ್ನೆ, ಅದರ ಐದರಷ್ಟೂ ಸೊನ್ನೆ. ಎಕ್ಸನ್ನು ಹೊಡೆದಾಗ ಅದರ ಜೊತೆಗೇ ಇದೂ ಹೋಯಿತು. ಸಿಕ್ಕಿದ್ದು ಸರಿಯೇ ಎಂಬುದನ್ನು ತಾಳೆ ಹೇಳುತ್ತದೆ, ಕಳೆದುಕೊಂಡದ್ದನ್ನು ಹೇಳುವುದಿಲ್ಲ. ಅದಕ್ಕಾಗಿ ಉತ್ತರವನ್ನಷ್ಟೇ ಅಲ್ಲ, ಬಂದ ದಾರಿಯನ್ನೂ ಒಮ್ಮೆ ಕೇಳಬೇಕು: ನಾನು ಈಗ ಭಾಗಿಸಿದ್ದು ಯಾವುದರಿಂದ? ಅದು ಸೊನ್ನೆಯೂ ಆಗಿರಬಹುದಲ್ಲವೆ?

ಈ ಸೊನ್ನೆಯ ವಿಷಯದಲ್ಲಿ ದೊಡ್ಡವರೂ ಎಡವಿದ್ದಾರೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಗ್ರಂಥದ ಮೊದಲಲ್ಲೇ ದೊರೆಯನ್ನು ಹೊಗಳಿ, ಆಮೇಲೆ ಗಣಿತ ಎಲ್ಲೆಲ್ಲಿ ಬೇಕೆಂದು ಪಟ್ಟಿ ಕೊಡುತ್ತಾರೆ: ಸಂಗೀತಕ್ಕೆ, ನಾಟಕಕ್ಕೆ, ವೈದ್ಯಕ್ಕೆ, ವಾಸ್ತುವಿಗೆ, ಛಂದಸ್ಸಿಗೆ, ಅಡುಗೆಗೆ. ಅಡುಗೆಯನ್ನು ಮರೆಯದ ಗಣಿತಜ್ಞರೆಂದು ನನಗೆ ಅವರಲ್ಲಿ ತುಸು ಹೆಚ್ಚೇ ಪ್ರೀತಿ. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಆ ಕಾಲಕ್ಕೇ ಖಚಿತವಾಗಿ ಹೇಳಿದವರು ಅವರು. ಅಂಥವರು ಸೊನ್ನೆಯ ಬಗ್ಗೆ ಹೇಳುವಾಗ, ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಇದ್ದಂತೆಯೇ ಇರುತ್ತದೆ ಎಂದರು. ಹತ್ತನೇ ತರಗತಿಯ ಹುಡುಗಿ ಇದಕ್ಕೆ ತಾಳೆ ನೋಡಬಲ್ಲಳು. ಆರನ್ನು ಸೊನ್ನೆಯಿಂದ ಭಾಗಿಸಿದರೆ ಆರೇ ಎಂದಾದರೆ, ಆ ಆರನ್ನು ತಿರುಗಿ ಸೊನ್ನೆಯಿಂದ ಗುಣಿಸಿದಾಗ ಆರು ಬರಬೇಕಿತ್ತು; ಬರುವುದು ಸೊನ್ನೆ, ಅದೂ ಆಚಾರ್ಯರ ಮಾತಿನ ಪ್ರಕಾರವೇ. ಸೊನ್ನೆಯ ನಿಯಮಗಳು ಇನ್ನೂ ನೆಲೆ ಕಾಣುತ್ತಿದ್ದ ಕಾಲ ಅದು. ಇದರಿಂದ ಅವರ ದೊಡ್ಡತನಕ್ಕೆ ಕುಂದಿಲ್ಲ. ಆದರೆ ಸಾವಿರದ ಇನ್ನೂರು ವರ್ಷಗಳಾಚೆಯ ಪಂಡಿತರೊಬ್ಬರ ಮಾತನ್ನು ಒಂದು ಚೂರು ಕಾಗದದ ಮೇಲೆ ಪರೀಕ್ಷಿಸಿ, ಗೌರವದಿಂದಲೇ ‘ಇದು ಕೂಡುವುದಿಲ್ಲ’ ಎನ್ನುವ ಸ್ವಾತಂತ್ರ್ಯ ಹದಿನೈದರ ಮಗುವಿಗೆ ಬೇರೆ ಎಲ್ಲಿ ಸಿಗುತ್ತದೆ?

ರೇಖಾಗಣಿತದ ತಾಳೆ ಬೇರೆ ಬಗೆಯದು. ಮನೆ ಕಟ್ಟಿಸಿದವರು ಇದನ್ನು ಕಣ್ಣಾರೆ ಕಂಡಿರುತ್ತೀರಿ. ನಮ್ಮ ಊರುಗಳ ಬಡಾವಣೆಗಳಲ್ಲಿ ಥರ್ಟಿ-ಫಾರ್ಟಿ ಸೈಟು ಎಂದರೆ ಮಧ್ಯಮ ವರ್ಗದ ಕನಸಿನ ಅಳತೆ. ಪಾಯ ಗುರುತು ಹಾಕುವ ದಿನ ಮೇಸ್ತ್ರಿ ನಾಲ್ಕು ಮೂಲೆಗೆ ಗೂಟ ಹೊಡೆದು ದಾರ ಎಳೆಯುತ್ತಾನೆ. 30 ಅಡಿ, 40 ಅಡಿ, ಮತ್ತೆ 30, ಮತ್ತೆ 40. ಅಳತೆಯೆಲ್ಲ ಸರಿ. ಆದರೂ ಸುಣ್ಣದ ಪುಡಿ ಉದುರಿಸುವ ಮುನ್ನ ಟೇಪಿನ ತುದಿಯನ್ನು ಹುಡುಗನ ಕೈಗೆ ಕೊಟ್ಟು ಮೂಲೆಯಿಂದ ಮೂಲೆಗೆ ಓಡಿಸುತ್ತಾನೆ. 50 ಅಡಿ ಬರಬೇಕು. ಇನ್ನೊಂದು ಜೋಡಿ ಮೂಲೆಗಳ ನಡುವೆಯೂ 50 ಬರಬೇಕು. ಒಂದು ಕರ್ಣ 52 ಆಯಿತೆಂದರೆ ಇನ್ನೊಂದು 48ಕ್ಕೂ ಚೂರು ಕಡಿಮೆ ಇರುತ್ತದೆ. ನಾಲ್ಕು ಬದಿಯ ಅಳತೆ ಸರಿಯಿದ್ದೂ ಮನೆ ಓರೆ. ಒಂಬೈನೂರು, ಸಾವಿರದ ಆರುನೂರು, ಕೂಡಿದರೆ ಎರಡು ಸಾವಿರದ ಐನೂರು, ಅದರ ವರ್ಗಮೂಲ ಐವತ್ತು. ಮಗು ಒಳಗಿನ ಕೋಣೆಯಲ್ಲಿ ಪೈಥಾಗೊರಸನ ಪ್ರಮೇಯವೆಂದು ಬಾಯಿಪಾಠ ಮಾಡುತ್ತಿರುವುದು, ಶುಲ್ಬಸೂತ್ರದ ಬೌಧಾಯನ ಹಗ್ಗ ಹಿಡಿದು ಹೇಳಿದ್ದು, ಮೇಸ್ತ್ರಿ ಟೇಪು ಎಳೆದು ಮಾಡುವುದು ಎಲ್ಲವೂ ಇದೇ. ಮೇಸ್ತ್ರಿಗೆ ಪ್ರಮೇಯದ ಹೆಸರು ಗೊತ್ತಿರಲಿಕ್ಕಿಲ್ಲ, ಆದರೆ ಅವನು ತಾಳೆ ನೋಡದೆ ಗುದ್ದಲಿ ಹಾಕುವುದಿಲ್ಲ.

ಕಣ್ಣಿಗೆ ಸರಿ ಕಂಡದ್ದನ್ನು ನಂಬಬಾರದೆಂದು ಕಲಿಸುವುದಕ್ಕೇ ಹುಟ್ಟಿದಂಥ ಒಂದು ಕೀಟಲೆಯ ಸಾಧನೆ ಗಣಿತದಲ್ಲಿದೆ. ಎಲ್ಲ ತ್ರಿಭುಜಗಳೂ ಸಮದ್ವಿಬಾಹು ತ್ರಿಭುಜಗಳೇ ಎಂದು ಅದು ಸಾಧಿಸಿ ತೋರಿಸುತ್ತದೆ! ಒಂದು ಶೃಂಗದ ಕೋನಾರ್ಧಕ ಎಳೆಯಿರಿ, ಎದುರು ಬಾಹುವಿಗೆ ಲಂಬಾರ್ಧಕ ಎಳೆಯಿರಿ, ಎರಡೂ ಸಂಧಿಸಿದ ಬಿಂದುವಿನಿಂದ ಉಳಿದೆರಡು ಬಾಹುಗಳಿಗೆ ಲಂಬ ಇಳಿಸಿ. ಈ ತ್ರಿಭುಜ ಆ ತ್ರಿಭುಜಕ್ಕೆ ಸರ್ವಸಮ, ಈ ಭಾಗ ಆ ಭಾಗಕ್ಕೆ ಸಮ, ಕೂಡಿಸಿದರೆ ಬಾಹುಗಳು ಸಮ. ದತ್ತ, ಸಾಧನೀಯ, ರಚನೆ, ಸಾಧನೆ ಎಲ್ಲವೂ ಕ್ರಮವಾಗಿವೆ, ಪ್ರತಿ ಸಾಲಿನ ಮುಂದೆ ಕಾರಣವೂ ಇದೆ. ತಪ್ಪು ಹುಡುಕಿ ಸೋತವರು ಕೊನೆಗೆ ಕೈವಾರ ತೆಗೆದುಕೊಂಡು ಚಿತ್ರವನ್ನು ನೇರ್ಪಾಗಿ ಬರೆಯಬೇಕು. ಆಗ ಗೊತ್ತಾಗುತ್ತದೆ, ಆ ಬಿಂದು ತ್ರಿಭುಜದ ಒಳಗೆ ಬೀಳುವುದೇ ಇಲ್ಲ. ಅದು ಹೊರಗೆ, ಪರಿವೃತ್ತದ ಮೇಲೆ ಇರುತ್ತದೆ. ಎರಡು ಲಂಬಗಳಲ್ಲಿ ಒಂದು ಬಾಹುವಿನ ಮೇಲೆ ಬಿದ್ದರೆ ಇನ್ನೊಂದು ಬಾಹುವನ್ನು ಮುಂದಕ್ಕೆಳೆದ ಗೆರೆಯ ಮೇಲೆ. ಒಂದು ಕಡೆ ಕೂಡಿಸಬೇಕಾದರೆ ಇನ್ನೊಂದು ಕಡೆ ಕಳೆಯಬೇಕಿತ್ತು. ಸಾಲುಗಳಲ್ಲಿ ದೋಷವಿರಲಿಲ್ಲ, ಮೊದಲೇ ಮನಸ್ಸಿಗೆ ಬಂದಂತೆ ಗೀಚಿಕೊಂಡ ಚಿತ್ರದಲ್ಲಿತ್ತು.

ಗೃಹಸ್ಥರಾದ ನಮಗೆ ಇಂಥ ಚಿತ್ರಗಳು ಹೊಸತಲ್ಲ. ನಾದಿನಿ ಮದುವೆಗೆ ಬರಲಿಲ್ಲ, ಆದ್ದರಿಂದ ಅವಳಿಗೆ ನಮ್ಮ ಮೇಲೆ ಅಸಮಾಧಾನ, ಆದ್ದರಿಂದ ಆವತ್ತು ಅವಳು ಹಾಗೆ ನಕ್ಕದ್ದು, ಆದ್ದರಿಂದ ಇನ್ನು ನಾವೂ ಹೋಗುವುದು ಬೇಡ. ಎಷ್ಟು ಸಲೀಸಾಗಿ ಒಂದರ ಹಿಂದೊಂದು ‘ಆದ್ದರಿಂದ’ ಬರುತ್ತವೆ! ಮೊದಲ ಗೆರೆಯನ್ನು ಅಳೆದು ನೋಡಿದವರಿಲ್ಲ. ಒಂದು ಫೋನ್ ಮಾಡಿ ಆರೋಗ್ಯ ವಿಚಾರಿಸಿದ್ದರೆ ಅಲ್ಲಿಗೇ ತಿಳಿಯುತ್ತಿತ್ತು.

ತಾಳೆಯಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಮೆಟ್ಟಿಲಿದೆ. ಅದನ್ನು ತೋರಿಸಿಕೊಟ್ಟವರು 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರು. ‘ಲೀಲಾವತಿ’ಯ ಭಾಸ್ಕರರು ಎಂದರೆ ಎಲ್ಲರಿಗೂ ಗೊತ್ತು, ಅವರ ‘ಬೀಜಗಣಿತ’ದಲ್ಲಿ ಕೋತಿಗಳ ಲೆಕ್ಕವೊಂದಿದೆ. ಕೋತಿಗಳ ಒಂದು ಹಿಂಡು. ಅದರ ಐದನೆಯ ಒಂದು ಭಾಗದಲ್ಲಿ ಮೂರನ್ನು ಕಳೆದು, ಉಳಿದದ್ದನ್ನು ವರ್ಗ ಮಾಡಿದರೆ ಎಷ್ಟೋ ಅಷ್ಟು ಕೋತಿಗಳು ಗುಹೆಗೆ ಹೋದವು. ಉಳಿದ ಒಂದು ಮರ ಹತ್ತಿದ್ದು ಕಾಣಿಸಿತು. ಒಟ್ಟು ಎಷ್ಟು? ವರ್ಗಸಮೀಕರಣ ಬಿಡಿಸಿದರೆ ಎರಡು ಉತ್ತರ: 50 ಮತ್ತು 5. ಐವತ್ತಕ್ಕೆ ತಾಳೆ ನೋಡಿ. ಐದನೆಯ ಭಾಗ ಹತ್ತು, ಮೂರು ಕಳೆದರೆ ಏಳು, ಏಳೇಳ್ಲ ನಲವತ್ತೊಂಬತ್ತು, ಮರದ ಮೇಲಿನದು ಒಂದು, ಐವತ್ತು. ಇನ್ನು ಐದಕ್ಕೆ ನೋಡಿ. ಐದನೆಯ ಭಾಗ ಒಂದು, ಮೂರು ಕಳೆದರೆ ಮೈನಸ್ ಎರಡು, ಅದರ ವರ್ಗ ನಾಲ್ಕು, ಮರದ ಮೇಲಿನದು ಒಂದು, ಐದು. ಸಮೀಕರಣ ಎರಡನ್ನೂ ಒಪ್ಪುತ್ತದೆ, ಎರಡೂ ಧನಸಂಖ್ಯೆಗಳೇ. ಆದರೂ ಭಾಸ್ಕರರು ಐದನ್ನು ಬಿಟ್ಟರು. ಒಂದು ಕೋತಿಯಿಂದ ಮೂರು ಕೋತಿ ಕಳೆಯುವುದು ಹೇಗೆ? ಅಂಥ ಋಣವನ್ನು ಲೋಕ ಒಪ್ಪುವುದಿಲ್ಲ ಎಂಬುದು ಅವರ ಕಾರಣ.

ನಾನು ಈ ಲೆಕ್ಕವನ್ನು ಮೆಚ್ಚುವುದು ಇದಕ್ಕೇ. ಉತ್ತರವನ್ನು ಸಮೀಕರಣಕ್ಕೆ ಒಯ್ದು ಕೊಟ್ಟರೆ ಸಾಲದು, ಸಮೀಕರಣ ಹುಟ್ಟಿದ ಕಥೆಯವರೆಗೂ ಒಯ್ಯಬೇಕು. ಮರ, ಗುಹೆ, ಕೋತಿ ಇರುವಲ್ಲಿಗೆ. ನಮ್ಮ ಮನೆಗಳಲ್ಲಿ ವಯಸ್ಸಾದ ತಾಯಿಯನ್ನು ನೋಡಿಕೊಳ್ಳುವ ಪಾಳಿ ಗೊತ್ತು ಮಾಡುವಾಗ ಹೀಗೆ ಆಗುತ್ತದೆ. ಮೂವರು ಮಕ್ಕಳು, ಹನ್ನೆರಡು ತಿಂಗಳು, ತಲಾ ನಾಲ್ಕು. ಭಾಗಾಕಾರದಲ್ಲಿ ಶೇಷವಿಲ್ಲ, ಯಾರಿಗೂ ಅನ್ಯಾಯವಿಲ್ಲ, ಹಿರಿಯರೆದುರು ಒಪ್ಪಂದವೂ ಆಯಿತು. ಆ ತಾಯಿಗೆ ಪ್ರತಿ ನಾಲ್ಕು ತಿಂಗಳಿಗೆ ಹೊಸ ಊರು, ಹೊಸ ಡಾಕ್ಟರು, ಹೊಸ ಹಾಸಿಗೆ. ರಾತ್ರಿ ಎದ್ದಾಗ ಬಚ್ಚಲಮನೆ ಯಾವ ಕಡೆ ಎಂದು ತಡಕಾಡಬೇಕು. ಲೆಕ್ಕ ತಪ್ಪಲ್ಲ. ಕಥೆಯಲ್ಲಿರುವವರ ಬಳಿಗೆ ಅದನ್ನು ಒಯ್ದು ‘ಅಮ್ಮಾ, ನಿನಗೆ ಹೇಗೆ ಅನುಕೂಲ?’ ಎಂದು ಯಾರೂ ಕೇಳಿರುವುದಿಲ್ಲ, ಅಷ್ಟೆ. ಕೇಳಿದ ಮನೆಗಳಲ್ಲಿ ತಾಯಿ ಒಂದೇ ಕಡೆ ಇದ್ದು, ಉಳಿದಿಬ್ಬರು ಖರ್ಚನ್ನೂ ಭಾನುವಾರಗಳನ್ನೂ ಹಂಚಿಕೊಂಡದ್ದನ್ನು ನೋಡಿದ್ದೇನೆ. ಆ ಹಂಚಿಕೆ ಸರಿಸಮವಾಗಿರಲಿಲ್ಲ, ಆದರೆ ನಡೆಯಿತು.

ಮತ್ತೆ ಆ ಕೋಣೆಯ ಮಗುವಿನ ವಿಷಯ. ‘ಎಷ್ಟು ಲೆಕ್ಕ ಆಯ್ತು?’ ಎಂದು ಬಾಗಿಲಲ್ಲಿ ನಿಂತು ಕೇಳುವುದನ್ನು ಈ ವಾರ ಬಿಟ್ಟು ನೋಡಿ. ಬದಲಿಗೆ ‘ತಾಳೆ ನೋಡಿದೆಯಾ?’ ಎಂದು ಕೇಳಿ. ಇದನ್ನು ಕೇಳಲು ತಂದೆ-ತಾಯಿಗೆ ಬೀಜಗಣಿತ ಬರಬೇಕಿಲ್ಲ. ಪಕ್ಕದಲ್ಲಿ ಕೂತು ಪ್ರಶ್ನೆಯನ್ನು ಗಟ್ಟಿಯಾಗಿ ಓದಿದರೆ ಸಾಕು, ಮಗು ತನ್ನ ಉತ್ತರವನ್ನು ಅದರೊಳಗೆ ಹಾಕಿ ತೋರಿಸಲಿ. ರೇಖಾಗಣಿತವಾದರೆ ‘ಸಮ ಅಂತ ಬರೆದಿದ್ದೀಯಲ್ಲ, ಯಾಕೆ ಸಮ?’ ಎಂದು ಒಂದೇ ಒಂದು ಕಡೆ ಕೇಳಿ. ಚಿತ್ರದಲ್ಲಿ ಹಾಗೆ ಕಾಣುತ್ತದೆ ಎಂದರೆ ನಕ್ಕು ಸುಮ್ಮನಿರಿ, ಅದಕ್ಕೇ ಗೊತ್ತಾಗುತ್ತದೆ. ಮೂವತ್ತು ಲೆಕ್ಕ ಗೀಚುವುದಕ್ಕಿಂತ ತಾಳೆಯ ಸಮೇತ ಹತ್ತು ಮಾಡುವುದು ಲೇಸು. ಪರೀಕ್ಷೆಗೂ ಅದು ಒದಗುತ್ತದೆ. ಚಿಹ್ನೆಯ ತಪ್ಪು, ಕೂಡುವ ತಪ್ಪು ಎಂದು ಫಲಿತಾಂಶದ ದಿನ ಕೊರಗುವ ಮೂರ್ನಾಲ್ಕು ಅಂಕಗಳೆಲ್ಲ ಕೊನೆಯ ಹತ್ತು ನಿಮಿಷದ ತಾಳೆಯಲ್ಲಿ ಸಿಕ್ಕಿಬೀಳುವಂಥವೇ.

ದೊಡ್ಡವರೂ ಒಂದು ಮಾಡಿ ನೋಡಬಹುದು. ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯರು ಕೇಳಿದ್ದು: ಸಮತಟ್ಟಾದ ನೆಲದಲ್ಲಿ ನಿಂತ 32 ಮೊಳದ ಬಿದಿರು ಗಾಳಿಗೆ ಒಂದು ಕಡೆ ಮುರಿದು, ಅದರ ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲ ಮುಟ್ಟಿದೆ. ಮುರಿದದ್ದು ಬುಡದಿಂದ ಎಷ್ಟು ಮೊಳ ಎತ್ತರದಲ್ಲಿ? ರಾತ್ರಿ ಊಟವಾದ ಮೇಲೆ ಮಗುವಿನ ಜೊತೆ ಕೂತು ಮಾಡಿ. ಉತ್ತರವನ್ನು ನಾಳಿನ ಪತ್ರಿಕೆಯಲ್ಲಿ ಹುಡುಕಬೇಡಿ, ಕೊಡುವುದಿಲ್ಲ. ನಿಮಗೆ ಬಂದ ಎತ್ತರದ ವರ್ಗಕ್ಕೆ 16ರ ವರ್ಗ ಕೂಡಿಸಿ; ಬಿದಿರಿನ ಉಳಿದ ತುಂಡಿನ ವರ್ಗಕ್ಕೆ ಅದು ಸಮವಾದರೆ ನಿಮ್ಮದು ಸರಿ, ನನ್ನನ್ನು ಕೇಳಬೇಕಾದ್ದಿಲ್ಲ.